ಲಂಡನ್ನಿನ ಹೊಗೆ: ಸತ್ತವರ ಲೆಕ್ಕ ಕೇಳಿದ್ದು ಯಾರು?



ಬಾಬಾಸಾಹೇಬರು ಹೊಟ್ಟೆ ಕಟ್ಟಿ ಓದಿ, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದ ಲಂಡನ್ ಪಟ್ಟಣದ ಹೆಸರು ನಿಮಗೆಲ್ಲ ಗೊತ್ತೈತಿ. ಅದು ಕಲ್ಲಿದ್ದಲಿನ ಊರು. ಚಳಿಗಾಲ ಬಂತೆಂದರೆ ಮನೆಮನೆಯಲ್ಲೂ ಇದ್ದಲಿನ ಒಲೆ, ಊರ ನಡುವೆಯೇ ವಿದ್ಯುತ್ ಸ್ಥಾವರ.

1952ರ ಡಿಸೆಂಬರ್ 5ರಂದು ಅಲ್ಲಿ ಗಾಳಿ ನಿಂತುಹೋಯಿತು. ನೆಲದ ಹತ್ತಿರ ಥಂಡಿ ಗಾಳಿ, ಮೇಲೆ ಬಿಸಿ ಗಾಳಿಯ ಪದರ. ಗಡಿಗಿಗೆ ಮುಚ್ಚಳ ಮುಚ್ಚಿದಂಗಾತು ನೋಡ್ರಿ. ಹೊಗೆ ಮೇಲೇರಲಿಲ್ಲ. ಗಂಧಕದ ಹೊಗೆ ಮಂಜಿನೊಳಗೆ ಬೆರೆತು ಆಮ್ಲವಾಯಿತು. 9ನೇ ತಾರೀಖಿನ ತನಕ ಜನ ಅದನ್ನೇ ಉಸಿರಾಡಿದರು. ಬಸ್ಸು ನಿಂತವು, ಆಂಬುಲೆನ್ಸೂ ನಿಂತವು. ಪ್ರದರ್ಶನಕ್ಕೆ ತಂದಿದ್ದ ದನಗಳು ಸತ್ತವು. ಶವಪೆಟ್ಟಿಗೆ ಸಾಲದೆ ಹೋದವು.

ಸತ್ತವರು ಯಾರು? ಮುದುಕರು, ಕೂಸುಗಳು, ಎದೆರೋಗದವರು. ಪಟ್ಟಣದ ಪೂರ್ವಭಾಗದ ಬಡವರ ಪೇಟೆಗಳಲ್ಲಿ ಸಾವು ಬಹಳ. ಆ ಕಾಲಕ್ಕೆ ಒಳ್ಳೆಯ ಕಲ್ಲಿದ್ದಲು ಹೊರದೇಶಕ್ಕೆ ಮಾರಾಟವಾಗುತ್ತಿತ್ತು. ಅಲ್ಲಿನ ಮಂದಿಯ ಒಲೆಗೆ ಉಳಿದದ್ದು ಅಗ್ಗದ ಪುಡಿ ಇದ್ದಲು.

ಮೊದಲು ಹೇಳಿದ ಲೆಕ್ಕ ಸುಮಾರು 4,000. ಮುಂದಿನ ತಿಂಗಳುಗಳ ಹೆಚ್ಚುವರಿ ಸಾವನ್ನು ಸರ್ಕಾರ ಫ್ಲೂ ಜ್ವರದ ಖಾತೆಗೆ ಬರೆಯಿತು. ಐವತ್ತು ವರ್ಷಗಳ ಬಳಿಕ ಸಂಶೋಧಕರು ಮತ್ತೆ ಎಣಿಸಿದಾಗ ಅದು ಸುಮಾರು 12,000ಕ್ಕೆ ಏರಿತು! ಮೊದಮೊದಲು ಸರ್ಕಾರ ಕಾಯ್ದೆಗೆ ಮನಸ್ಸು ಮಾಡಲಿಲ್ಲ. ಒತ್ತಡ ಬಿದ್ದ ಮೇಲೆಯೇ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಒಲೆ ಬದಲಿಸಲು ಮಂದಿಗೆ ಸಹಾಯಧನವೂ ಸಿಕ್ಕಿತು.

ಕಥಿ ಅಲ್ಲಿಗೆ ಮುಗಿಯಲಿಲ್ಲ. ಕರಿ ಹೊಗೆ ಹೋಯಿತು, ಕಣ್ಣಿಗೆ ಕಾಣದ ವಾಹನದ ಹೊಗೆ ಬಂತು. ಅದೇ ಲಂಡನ್ನಿನ ಲೂಯಿಶಮ್‌ನಲ್ಲಿ, ಗದ್ದಲದ ಹೆದ್ದಾರಿಯ ಮಗ್ಗುಲಲ್ಲಿ, ಎಲ್ಲಾ ಎಂಬ ಕಪ್ಪು ಜನಾಂಗದ ಹುಡುಗಿ ಇದ್ದಳು. ಆಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ 2013ರಲ್ಲಿ ಒಂಬತ್ತನೇ ವಯಸ್ಸಿಗೆ ತೀರಿಕೊಂಡಳು. ಸಾವಿನ ಮೊದಲ ವಿಚಾರಣೆಯಲ್ಲಿ ಗಾಳಿಯ ಮಾತೇ ಬರಲಿಲ್ಲ. ತಾಯಿ ರೋಸಮಂಡ್ ಬಿಡಲಿಲ್ಲ. ಹೋರಾಡಿ ಮರುವಿಚಾರಣೆ ಮಾಡಿಸಿದರು. 2020ರ ಡಿಸೆಂಬರಿನಲ್ಲಿ, ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಾಯಿತು. ಬ್ರಿಟನ್ನಿನಲ್ಲಿ ಅಂಥ ದಾಖಲೆ ಅದೇ ಮೊದಲು.

ಇದು ದೂರದ ಮಾತಲ್ಲ. 2019ರಲ್ಲಿ ಭಾರತದಲ್ಲಿ ಸುಮಾರು 16.7 ಲಕ್ಷ ಸಾವುಗಳಿಗೆ ಕೆಟ್ಟ ಗಾಳಿಯ ನಂಟಿತ್ತೆಂದು ಅಧ್ಯಯನವೊಂದು ಅಂದಾಜಿಸಿತು. ಗಾಳಿ ಸುಧಾರಿಸಬೇಕಾದ ಊರುಗಳ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ನಮ್ಮ ಸೊಲ್ಲಾಪುರವೂ ಐತಿ.

ಆದ್ದರಿಂದ ತರುಣರೆ, ಒಂದು ವಹಿ ಇಡ್ರಿ. ಓಣಿಯಲ್ಲಿ ಯಾರಿಗೆ ಕೆಮ್ಮು, ಯಾರಿಗೆ ದಮ್ಮು, ಯಾವ ತಿಂಗಳು ಹೆಚ್ಚು ಅಂತ ಬರೀರಿ. ಸಾವಿನ ದಾಖಲೆ ಬಂದರೆ ಕಾರಣ ಏನು ಬರೆದಾರ, ಓದಿ ನೋಡ್ರಿ. ಒಬ್ಬ ತಾಯಿ ಕೇಳಿದ್ದಕ್ಕೇ ಒಂದು ದೇಶದ ದಾಖಲೆ ಬದಲಾತು. ನಾವು ಕೇಳದಿದ್ದರೆ ನಮ್ಮವರ ಸಾವು ಯಾವುದೋ ಜ್ವರದ ಖಾತೆಗೇ ಹೋಗುತ್ತದೆ.