ಮುಟ್ಟಿನ ಕಪ್ ನಡೆದು ಬಂದ ದಾರಿ

ನಮ್ಮಮ್ಮ ಮುಟ್ಟಿನ ಬಟ್ಟೆಯನ್ನು ಒಗೆದು, ಯಾರ ಕಣ್ಣಿಗೂ ಬೀಳದಂತೆ ಸೀರೆಯ ಅಡಿಯಲ್ಲಿ ಒಣಹಾಕುತ್ತಿದ್ದಳು. ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ನನ್ನ ಕಾಲಕ್ಕೆ ಪ್ಯಾಡ್ ಬಂತು. ಅದನ್ನೂ ಅಂಗಡಿಯವನು ಕಾಗದದಲ್ಲಿ ಸುತ್ತಿಯೇ ಕೊಡುತ್ತಿದ್ದ. ಮಗಳು ಸಿಲಿಕೋನಿನ ಕಪ್ ತಂದುಕೊಟ್ಟಾಗ, ಇದು ಈಗಿನವರ ಹೊಸ ಹುಚ್ಚು ಎಂದುಕೊಂಡೆ.

ಆದರೆ ಅದರ ಚರಿತ್ರೆ ಹಳೆಯದು. ಅಮೆರಿಕದ ನಟಿ ಲಿಯೋನಾ ಚಾಲ್ಮರ್ಸ್ 1937ರಲ್ಲೇ ರಬ್ಬರಿನ ಕಪ್‌ಗೆ ಪೇಟೆಂಟ್ ಪಡೆದಿದ್ದರು. ಎರಡನೆಯ ಮಹಾಯುದ್ಧದಲ್ಲಿ ರಬ್ಬರಿಗೆ ಬರ ಬಂದು ತಯಾರಿಕೆ ನಿಂತಿತು. 1950ರ ದಶಕದಲ್ಲಿ ಮತ್ತೆ ಮಾರುಕಟ್ಟೆಗೆ ಬಂದರೂ ನೆಲೆಯೂರಲಿಲ್ಲ. ತನ್ನ ಮೈಯನ್ನು ತಾನೇ ಮುಟ್ಟಿ, ರಕ್ತ ಚೆಲ್ಲಿ, ತೊಳೆದು ಮತ್ತೆ ಇಟ್ಟುಕೊಳ್ಳಲು ಅಲ್ಲಿಯ ಹೆಂಗಸರೂ ಹಿಂಜರಿದರು. 1987ರಲ್ಲಿ ಅಲ್ಲಿ ಲ್ಯಾಟೆಕ್ಸ್ ಕಪ್ ಬಂತು. ಈ ಶತಮಾನದಲ್ಲಿ ಸಿಲಿಕೋನಿನದು ಬಂದ ಮೇಲೆ ಊರೂರಿಗೆ ಹರಡಿತು.

ನನ್ನನ್ನು ತಡೆದದ್ದೂ ಅದೇ ಹಿಂಜರಿಕೆ. ಕುದಿಸಿದ ಕಪ್ ಹಿಡಿದು ಬಚ್ಚಲುಮನೆಯಲ್ಲಿ ಎರಡು ಸಲ ಸೋತೆ. ಎರಡು ಮಕ್ಕಳನ್ನು ಹೆತ್ತವಳಿಗೆ ತನ್ನ ದೇಹವೇ ಗೊತ್ತಿರಲಿಲ್ಲ! ಮೂರನೆಯ ಸಲ, ಮಡಿಸಿದ ಕಪ್ ಒಳಗೆ ಬಿಚ್ಚಿಕೊಂಡು ಕುಳಿತಿತು. ಮುಟ್ಟು ನಿಂತ ದಿನ ಅದನ್ನು ಕುದಿಸಿ, ಕಿಟಕಿಯ ಬಳಿ ಆರಲು ಇಟ್ಟೆ. ಮೇಲೆ ಏನನ್ನೂ ಮುಚ್ಚಲಿಲ್ಲ.