ಬುಲೆಟ್ಟಿಗೆ ಒಂದು ಜೊತೆ ಟೈರು, ಅದರ ಹಿಂದೆ ನೂರೆಂಬತ್ತು ವರ್ಷದ ಕಥೆ

ಮುಂದಿನ ತಿಂಗಳು ಮೈಸೂರಿನಲ್ಲಿ ನನ್ನ ನಾದಿನಿಯ ಮೊಮ್ಮಗಳ ನಾಮಕರಣ. ದಾದರಿನಿಂದ ಶರಾವತಿ ಎಕ್ಸ್‌ಪ್ರೆಸ್ ಇದೆ, ಆರಾಮವಾಗಿ ಮಲಗಿಕೊಂಡು ಹೋಗಬಹುದು. ಆದರೆ ನನಗೊಂದು ಹುಚ್ಚು. 1994ರ ಬುಲೆಟ್ಟಿನಲ್ಲಿ ಇನ್ನೊಂದೇ ಒಂದು ಸಲ ಡೊಂಬಿವಲಿಯಿಂದ ಮೈಸೂರಿಗೆ ಹೋಗಬೇಕು, ನನ್ನಾಕೆ ಹಿಂದೆ ಕೂತಿರಬೇಕು. ನನಗೀಗ 66. ಮಗ "ಅಪ್ಪ, ಬೇಡ" ಅಂದ. ನನ್ನಾಕೆ ಮಾತ್ರ ಒಂದೇ ಷರತ್ತು ಹಾಕಿದಳು: "ಟೈರು ಬದಲಾಯಿಸಿ. ಹೊಸದು ಅಂತ ಅಂಗಡಿಯವನು ಹೇಳಿದ್ದನ್ನು ನಂಬಿಕೊಂಡು ಬರಬೇಡಿ."

ಈ ಷರತ್ತಿನ ಹಿಂದೆ ಒಂದು ಕಥೆ ಇದೆ, ಮೊದಲು ಅದನ್ನೇ ಹೇಳಿಬಿಡ್ತೀನಿ.

1998ರ ಆಗಸ್ಟ್. ಹೀಗೇ ಊರಿಗೆ ಹೊರಟಿದ್ದೆವು. ಪುಣೆ ದಾಟಿ ಸಾತಾರಾ ಕಡೆಗೆ, ಖಂಬಾಟ್ಕಿ ಘಾಟ್. ಜಿಟಿಜಿಟಿ ಮಳೆ. ಹಿಂದಿನ ಟೈರು ಹಾಕಿಸಿ ಒಂದು ತಿಂಗಳೂ ಆಗಿರಲಿಲ್ಲ, ಗೆರೆಗಳೆಲ್ಲ ಆಳವಾಗಿ, ಅಚ್ಚಿನಿಂದ ಈಗಷ್ಟೇ ತೆಗೆದ ಹಾಗೆ ಇದ್ದವು. ಒಂದು ತಿರುವಿನಲ್ಲಿ ಬ್ರೇಕ್ ಮುಟ್ಟಿದ್ದೇ ತಡ, ಹಿಂಚಕ್ರ ಸೋಪಿನ ಮೇಲೆ ಕಾಲಿಟ್ಟ ಹಾಗೆ ಜಾರಿತು. ನನಗೆ ಮೊಣಕಾಲು ತರಚಿತು ಅಷ್ಟೆ. ಅವಳ ಎಡಗೈ ಮಣಿಕಟ್ಟು ಮುರಿಯಿತು. ಇವತ್ತಿಗೂ ಮಳೆಗಾಲ ಬಂತೆಂದರೆ ಆ ಮಣಿಕಟ್ಟು ನೋಯುತ್ತದೆ, ಅವಳು ಮಾತಾಡದೆ ಅದನ್ನು ಉಜ್ಜಿಕೊಳ್ಳುತ್ತಾಳೆ, ನಾನು ಪೇಪರ್ ಅಡ್ಡ ಹಿಡಿಯುತ್ತೇನೆ.

ಘಾಟ್ ಕೆಳಗಿನ ಪಂಕ್ಚರ್ ಅಂಗಡಿಯ ಮುದುಕ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗೆರೆಗಳ ಸಂದಿಯನ್ನು ಅಗಲಿಸಿ ತೋರಿಸಿದ. ಕೂದಲೆಳೆಯಂಥ ಬಿರುಕುಗಳು! "ಸಾಬ್, ಟೈರ್ ನಯಾ ಹೈ, ರಬ್ಬರ್ ಪುರಾನಾ" ಅಂದ. ಯಾವುದೋ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತು ಮರದ ಹಾಗೆ ಗಟ್ಟಿಯಾದ ಮಾಲನ್ನು ನಾನು ನೂರಿನ್ನೂರು ರೂಪಾಯಿ ಕಮ್ಮಿ ಅಂತ ಖುಷಿಯಿಂದ ಕೊಂಡಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಟೈರಿನ ಹುಚ್ಚು. ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಏನೇನೋ ಬರೆದಿರುತ್ತಾರಲ್ಲ, ಅದರಲ್ಲಿ ಒಂದೂ ಸುಮ್ಮನೆ ಬರೆದದ್ದಲ್ಲ. ಒಂದೊಂದು ಅಕ್ಷರದ ಹಿಂದೆಯೂ ಯಾರೋ ಪಟ್ಟ ಪಾಡು ಇದೆ.

ರಬ್ಬರಿನಿಂದಲೇ ಶುರು ಮಾಡೋಣ. ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಂಟು, ಚಳಿಯಲ್ಲಿ ಪೆಡಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಯಾಗಿಯೂ ಬಳುಕುವಂತೆಯೂ ಆಗುತ್ತದೆ ಅಂತ ಕಂಡುಕೊಂಡ. ವಲ್ಕನೀಕರಣ ಅಂತ ನಾವು ಶಾಲೆಯಲ್ಲಿ ಓದಿದ್ದು ಇದೇ. 1844ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಆ ಪುಣ್ಯಾತ್ಮ 1860ರಲ್ಲಿ ಸಾಯುವಾಗ ತಲೆ ತುಂಬ ಸಾಲ. ಅವನ ಹೆಸರಿನ ಟೈರು ಕಂಪನಿ ಹುಟ್ಟಿದ್ದು 1898ರಲ್ಲಿ. ಅದಕ್ಕೂ ಅವನಿಗೂ ಹೆಸರು ಬಿಟ್ಟರೆ ಬೇರೆ ಸಂಬಂಧವಿಲ್ಲ.

ಗಾಳಿ ತುಂಬಿದ ಟೈರು ಯಾರದು? ಡನ್‌ಲಪ್ ಅಂತ ಎಲ್ಲರೂ ಹೇಳುತ್ತೇವೆ. ಆದರೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಹೊರಗೆ ಚರ್ಮ, ಒಳಗೆ ರಬ್ಬರು ಸವರಿದ ಕ್ಯಾನ್ವಾಸ್ ಚೀಲ. ಲಂಡನ್ನಿನಲ್ಲಿ ಕುದುರೆಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ. ಆದರೆ ಆಗಿನ್ನೂ ಪೆಡಲ್ ಸೈಕಲ್ಲೇ ಇರಲಿಲ್ಲ, ಕೇಳುವವರಿಲ್ಲದೆ ಜನ ಮರೆತೇಬಿಟ್ಟರು. ನಲವತ್ತು ವರ್ಷದ ಮೇಲೆ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. 1888ರಲ್ಲಿ ಪೇಟೆಂಟ್ ಬಂತು, 1890ರಲ್ಲಿ ಥಾಮ್ಸನ್ನನ ಹಳೇ ಪೇಟೆಂಟ್ ಬೆಳಕಿಗೆ ಬಂದು ಅದು ಬಿದ್ದೂ ಹೋಯಿತು! ಹೆಸರು ಮಾತ್ರ ಡನ್‌ಲಪ್ಪನದೇ ಉಳಿಯಿತು.

ಆಗಿನ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಕಥೆ ಮುಗಿಯಿತು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂನಲ್ಲಿದ್ದ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಹೀಗೆ ಬಂದ. ರಿಪೇರಿಗೆ ಗಂಟೆಗಟ್ಟಲೆ ಹಿಡಿಯಿತು, ಅಂಟು ಒಣಗಲು ಇಡೀ ರಾತ್ರಿ ಬೇಕಾಯಿತು. 1891ರ ಹೊತ್ತಿಗೆ ಅವರು ಕಳಚಿ ಹಾಕಬಹುದಾದ ಟೈರು ಮಾಡಿದರು. ನಮ್ಮ ಬೀದಿ ಬದಿಯ ಪಂಕ್ಚರ್ ಅಂಗಡಿಯವರ ಹೊಟ್ಟೆಪಾಡು ಶುರುವಾದದ್ದು ಅಲ್ಲಿಂದ ಅನ್ನಬಹುದು.

ಇನ್ನು ಕಪ್ಪು ಬಣ್ಣ. ಮೊದಮೊದಲ ಟೈರುಗಳು ಬಿಳುಪು, ಬೂದು ಬಣ್ಣದಲ್ಲಿದ್ದವು. ಅದಕ್ಕೇ ಮಿಶೆಲಿನ್ ಕಂಪನಿಯ ಆ ಗುಂಡು ಬೊಂಬೆ ಇಂದಿಗೂ ಬೆಳ್ಳಗಿರುವುದು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನಿನಲ್ಲಿ ರಬ್ಬರಿಗೆ ಮಸಿ, ಅಂದರೆ ಕಾರ್ಬನ್ ಬ್ಲ್ಯಾಕ್, ಬೆರೆಸಿದರೆ ಬಲ ಬರುತ್ತದೆ ಅಂತ ಗೊತ್ತಾಯಿತು. ಮುಂದಿನ ದಶಕದಲ್ಲಿ ಅಮೆರಿಕದ ಕಂಪನಿಗಳು ಅದನ್ನು ಹಿಡಿದವು. ಟೈರಿನ ಆಯುಸ್ಸು ಹಲವು ಪಟ್ಟು ಹೆಚ್ಚಿತು.

ನಮ್ಮ ದೇಶಕ್ಕೆ ಬರೋಣ. ಭಾರತದ ಮೊದಲ ಟೈರು ಕಾರ್ಖಾನೆ ಡನ್‌ಲಪ್ಪಿನದು. ಹೂಗ್ಲಿ ದಂಡೆಯ ಸಾಹಾಗಂಜ್, 1936. ಮುಂಬಯಿಯಲ್ಲಿ ಸಿಯೆಟ್ 1958ರಲ್ಲಿ ಬಂತು, ಕಾರ್ಖಾನೆ ಭಾಂಡುಪ್‌ನಲ್ಲಿ. ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ ನಮಗೆ ಭಾಂಡುಪ್ ದಿನಾ ಸಿಗುತ್ತಿದ್ದ ಸ್ಟೇಷನ್ನು. ಮದರಾಸಿನ ಕಥೆ ಇನ್ನೂ ಚೆನ್ನಾಗಿದೆ. 1946ರಲ್ಲಿ ಕೆ. ಎಂ. ಮಾಮ್ಮನ್ ಮಾಪಿಳ್ಳೈ ಅವರು ತಿರುವೊಟ್ರಿಯೂರಿನ ಒಂದು ಷೆಡ್ಡಿನಲ್ಲಿ ಮಕ್ಕಳಾಟದ ಬಲೂನು ಮಾಡುತ್ತಿದ್ದರು. 1952ರಲ್ಲಿ ಹಳೇ ಟೈರಿಗೆ ಹೊಸ ಪಟ್ಟಿ ಹಾಕುವ ರಬ್ಬರು, 1961ರಲ್ಲಿ ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯ ಜೊತೆ ಸೇರಿ ಟೈರು. ಅದೇ ಎಂಆರ್‌ಎಫ್. ಅದೇ ತಿರುವೊಟ್ರಿಯೂರಿನಲ್ಲೇ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿ ಬುಲೆಟ್ ತಯಾರಾಯಿತು. ಗಾಡಿಯೂ ಅದರ ಟೈರೂ ಒಂದೇ ಊರಿನ ಮಕ್ಕಳು!

ನಮ್ಮ ಮೈಸೂರೇನೂ ಕಮ್ಮಿಯಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, ಕಟ್ಟಿದವರು ಮುಂಬಯಿಯ ಇರಾನಿ ಕುಟುಂಬದವರು. ಆ ಗಾಡಿಯ ಡಬ್ ಡಬ್ ಸದ್ದಿನಲ್ಲೇ ನನ್ನ ಬಾಲ್ಯ ಕಳೆದದ್ದು. 1973ರಿಂದ ಯೆಜ್ದಿ ಅಂತ ಹೆಸರಾಯಿತು, 1996ರಲ್ಲಿ ಬಾಗಿಲು ಹಾಕಿತು. ರಾಜ್ಯ ಸರ್ಕಾರದ ಪಾಲಿದ್ದ ವಿಕ್ರಾಂತ್ ಟೈರ್ಸ್ ಕೂಡ ಮೈಸೂರಿನದೇ, 1997ರಲ್ಲಿ ಜೆಕೆ ಕೈಗೆ ಹೋಯಿತು. ಎರಡು-ಮೂರು ಚಕ್ರದ ಗಾಡಿಗಳ ಟೈರು ಮಾಡುತ್ತಿದ್ದ ಫಾಲ್ಕನ್ ಟೈರ್ಸ್ ಸಹ ನಮ್ಮೂರಿನದು. 2010ರ ದಶಕದಲ್ಲಿ ಅದೂ ಮುಚ್ಚಿತು, ಸಾಹಾಗಂಜಿನ ಡನ್‌ಲಪ್ಪೂ ಮುಚ್ಚಿತು. ರಬ್ಬರು ತೋಟ ಅಂದರೆ ಕೇರಳ ಅಂತೀವಿ, ಆದರೆ ನಮ್ಮ ಸುಳ್ಯ, ಪುತ್ತೂರುಗಳಲ್ಲೂ ಇದೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ವಾಪಸಾದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದೇ ಅಲ್ಲಿ ಸರ್ಕಾರಿ ರಬ್ಬರು ತೋಟ ಎಬ್ಬಿಸಿದರು. ಊರು ಬಿಟ್ಟವರ ಕಥೆ ಅಂದರೆ ನಮ್ಮಂಥವರಿಗೆ ಸ್ವಲ್ಪ ಹೆಚ್ಚೇ ತಟ್ಟುತ್ತದೆ, ಅಲ್ವೇ?

ಸರಿ, ಅಂಗಡಿಗೆ ಹೋಗೋಣ. ಮೊನ್ನೆ ಭಾನುವಾರ ಮಗನೂ ಜೊತೆಗೆ ಬಂದ. ಅವನದು ಒಂದೇ ಹಟ: "ಅಪ್ಪ, ದಪ್ಪ ಟೈರು ಹಾಕ್ಸು, ಗ್ರಿಪ್ ಜಾಸ್ತಿ." ಅಂಗಡಿ ಹುಡುಗನೂ "ಅಂಕಲ್, ಚೌಡಾ ಡಾಲೋ" ಅಂತ ತಾಳ ಹಾಕಿದ. ನಾನು ಕನ್ನಡಕ ಹಾಕಿಕೊಂಡೆ.

ಮೊದಲು ಅಳತೆ. ನನ್ನ ಗಾಡಿಗೆ ಕಂಪನಿ ಕೊಟ್ಟದ್ದು ಮುಂದೆ ಹಿಂದೆ ಎರಡೂ 3.25-19. ಮೂರೂಕಾಲು ಇಂಚು ಅಗಲ, ಹತ್ತೊಂಬತ್ತು ಇಂಚಿನ ರಿಮ್ಮು. ಇದು ಇಂಗ್ಲಿಷರ ಕಾಲದ ಲೆಕ್ಕ, ಆಗ ಟೈರಿನ ಅಗಲವೂ ಎತ್ತರವೂ ಹೆಚ್ಚುಕಮ್ಮಿ ಒಂದೇ. ಆಮೇಲೆ ಎತ್ತರ ಕಮ್ಮಿಯಾದ ಟೈರುಗಳು ಬಂದವು, ಅದನ್ನು ಹೇಳಲು ಇನ್ನೊಂದು ಅಂಕಿ ಬೇಕಾಯಿತು. 90/90-19 ಅಂದರೆ 90 ಮಿಲಿಮೀಟರ್ ಅಗಲ, ಅದರ ಶೇ. 90ರಷ್ಟು ಎತ್ತರ. ರಿಮ್ಮು ಮಾತ್ರ ಇವತ್ತಿಗೂ ಇಂಚಿನಲ್ಲೇ! ನನ್ನ ಕಿರಿದಾದ ರಿಮ್ಮಿಗೆ ತೀರಾ ದಪ್ಪ ಟೈರು ಹಾಕಿದರೆ ಅಂಚುಗಳು ಹಿಂಡಿಕೊಂಡು ಮೈಯ ದುಂಡು ಕೆಡುತ್ತದೆ, ತಿರುವಿನಲ್ಲಿ ಗಾಡಿ ವಾಲುವ ರೀತಿ ಬದಲಾಗುತ್ತದೆ, ಚೈನ್ ಕವರಿಗೆ ತಾಗಿದರೂ ತಾಗೀತು. ಮಗನಿಗೆ ಇದನ್ನು ಹೇಳಿದೆ. ಒಪ್ಪಲಿಲ್ಲ, ಸುಮ್ಮನಾದ.

ಆಮೇಲೆ ಭಾರ. '54 ಪಿ' ಅಂತ ಇತ್ತು. 54 ಅಂದರೆ ಆ ಟೈರು 212 ಕಿಲೋ ಹೊರಬಲ್ಲದು. ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ. ವೇಗದ ಚಿಂತೆ ಬುಲೆಟ್ಟಿಗೂ ಇಲ್ಲ, ನನಗೂ ಇಲ್ಲ. ಭಾರದ ಲೆಕ್ಕ ಹಾಕಿದೆ. ಗಾಡಿ ಸುಮಾರು 170, ನಾವಿಬ್ಬರೂ ಸೇರಿ 135, ಸಾಮಾನು 25. ಒಟ್ಟು 330. ಹಿಂದೆ ಜನ, ಹಿಂದೆ ಸಾಮಾನು ಇದ್ದಾಗ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹಿಂಚಕ್ರದ ಮೇಲೆ. ನೂರಕ್ಕೆ 62 ಅಂತ ಹಿಡಿದರೂ 205 ಕಿಲೋ ಆಯಿತು. 212ರ ಅಂಚಿನಲ್ಲೇ ನಿಂತ ಹಾಗೆ! ಅದಕ್ಕೇ ಹಿಂದಕ್ಕೆ 3.50-19, ಭಾರದ ಅಂಕಿ 57, ಅಂದರೆ 230 ಕಿಲೋ. ನನ್ನ ರಿಮ್ಮಿಗೂ ಇದು ಒಪ್ಪುತ್ತದೆ. "ನೋಡು, ನಿನ್ನ ಮಾತೂ ನಡೀತು, ಕಾಲು ಇಂಚು ದಪ್ಪ" ಅಂದೆ. ನಕ್ಕ.

ಪಕ್ಕದಲ್ಲೇ ಪಿಆರ್ ಅಂತ ಇರುತ್ತದೆ. ಹಿಂದೆ ಟೈರಿನ ಒಡಲಿಗೆ ಹತ್ತಿಯ ದಾರದ ಪದರ ಹಾಕುತ್ತಿದ್ದರು, ಎಷ್ಟು ಪದರ ಅನ್ನುವುದೇ ಆ ಅಂಕಿ. ಹತ್ತಿ ಹೋಗಿ ರೇಯಾನ್ ಬಂತು, ನೈಲಾನ್ ಬಂತು, ಪದರ ಕಮ್ಮಿಯಾದವು, ಅಂಕಿ ಮಾತ್ರ ಉಳಿಯಿತು. ಈಗ ಅದು ಬಲದ ಲೆಕ್ಕ ಅಷ್ಟೆ. ಜಮೀನು ಹೋದರೂ ಗೌಡಿಕೆ ಉಳಿದ ಹಾಗೆ.

"ರೇಡಿಯಲ್ ಯಾಕೆ ಬೇಡ, ಟ್ಯೂಬ್‌ಲೆಸ್ ಯಾಕೆ ಬೇಡ?" ಅಂತ ಮಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ದಾರಗಳನ್ನು ಓರೆಯಾಗಿ ಹೆಣೆಯದೆ ಅಡ್ಡಡ್ಡ ಹಾಕುವ ರೇಡಿಯಲ್ಲಿಗೆ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆಯಿತು. ಕಾರಿಗೆ ಬೇಗ ಬಂತು, ಆದರೆ ಮೋಟಾರ್‌ಸೈಕಲ್ ತಿರುವಿನಲ್ಲಿ ವಾಲುತ್ತದಲ್ಲ, ಪಕ್ಕೆ ಮೆತ್ತಗಿದ್ದರೆ ಕಷ್ಟ. ಅದಕ್ಕೆ ಹೊಂದಿಸಲು 1980ರ ದಶಕದವರೆಗೆ ಕಾಯಬೇಕಾಯಿತು, ಅದೂ ದೊಡ್ಡ ವೇಗದ ಗಾಡಿಗಳಿಗೆ. ಅರವತ್ತು-ಎಪ್ಪತ್ತರಲ್ಲಿ ಹೋಗುವ ನನ್ನಂಥವನಿಗೆ ಓರೆ ಹೆಣಿಗೆಯ ಟೈರೇ ಸಾಕು. ಟ್ಯೂಬ್‌ಲೆಸ್ಸನ್ನು 1940ರ ದಶಕದಲ್ಲೇ ಅಮೆರಿಕದ ಗುಡ್‌ರಿಚ್ ಕಂಪನಿ ತಂದಿತ್ತು. ಆದರೆ ಅದಕ್ಕೆ ರಿಮ್ಮು ಗಾಳಿ ಬಿಡಬಾರದು. ನನ್ನದು ಕಡ್ಡಿಯ ಚಕ್ರ, ಒಂದೊಂದು ಕಡ್ಡಿಗೂ ಒಂದೊಂದು ತೂತು. ಟ್ಯೂಬು ಬೇಕೇ ಬೇಕು. ಹೊಸ ಟೈರಿಗೆ ಹೊಸ ಟ್ಯೂಬು, ಇಲ್ಲಿ ಜಿಪುಣತನ ಬೇಡ.

ಗೆರೆಗಳು? ಮುಂದೆ ಉದ್ದುದ್ದ ಗೆರೆಯದು, ಹಿಂದೆ ತುಂಡುತುಂಡು ಗಟ್ಟಿ ಅಚ್ಚಿನದು. ಮುಂಚಕ್ರದ ಕೆಲಸ ದಾರಿ ಹಿಡಿಯುವುದು, ಹಿಂಚಕ್ರದ್ದು ತಳ್ಳುವುದು. ಹಳೇ ಕಾಲದವರು ಸುಮ್ಮನೆ ಹಾಗೆ ಮಾಡಲಿಲ್ಲ.

ಕೊನೆಗೆ ನಾಲ್ಕು ಅಂಕಿ. 2000ದಿಂದೀಚೆಗೆ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಯಲ್ಲಿ ಒತ್ತುವ ಪದ್ಧತಿ ಬಂತು. 2317 ಅಂದರೆ 2017ರ 23ನೇ ವಾರ. ಹುಡುಗ ಮೊದಲು ತಂದಿಟ್ಟ ಟೈರು ಸರಿಯಾಗಿ ಅದೇ! ಕವರು ಕೂಡ ಬಿಚ್ಚಿರಲಿಲ್ಲ, ಫಳಫಳ ಹೊಳೆಯುತ್ತಿತ್ತು. ರಬ್ಬರು ಕೂತಲ್ಲೇ ಮುಪ್ಪಾಗುತ್ತದೆ ಸ್ವಾಮಿ. ಗಾಳಿಯ ಆಮ್ಲಜನಕ, ಓಝೋನ್ ಅದನ್ನು ತಿನ್ನುತ್ತವೆ. ಅದನ್ನು ತಡೆಯಲು ಬೆರೆಸಿದ ಮೇಣ ಟೈರು ಓಡುತ್ತಾ ಬಳುಕಿದಾಗ ಮೇಲೆ ಬಂದು ಕಾಯುತ್ತದೆ. ಗೋದಾಮಿನಲ್ಲಿ ಕೂತ ಟೈರಿಗೆ ಆ ಭಾಗ್ಯವೂ ಇಲ್ಲ. ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತೋರಿಸಿ, ಹತ್ತಾದರೆ ಗೆರೆ ಎಷ್ಟೇ ಇದ್ದರೂ ತೆಗೆದುಹಾಕಿ ಅಂತ ಮಿಶೆಲಿನ್‌ನಂಥ ತಯಾರಕರೇ ಹೇಳುತ್ತಾರೆ. ಅದನ್ನು ವಾಪಸು ಕೊಟ್ಟೆ. ಹುಡುಗ ಗೊಣಗಿಕೊಂಡು ಒಳಗೆ ಹೋಗಿ, ತಡಕಿ, ಮೂರು ತಿಂಗಳ ಹಿಂದಿನ ಜೊತೆ ತಂದ. ಬೆಲೆ ಒಂದೇ!

ಅಂದರೆ 1998ರಲ್ಲಿ ನಾನು ಉಳಿಸಿದ ನೂರಿನ್ನೂರಕ್ಕೆ ಕಾರಣ ನನ್ನ ಚೌಕಾಸಿಯ ಜಾಣತನವಲ್ಲ, ಆ ಮಾಲಿಗೆ ಇದ್ದ ಬೆಲೆಯೇ ಅಷ್ಟು. ಅದನ್ನು ತಿಳಿಯಲು ಅವಳ ಮಣಿಕಟ್ಟು ಮುರಿಯಬೇಕಾಯಿತು.

ಟೈರುಗಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಮನೆಗೆ ತಂದೆ. ಬಾಗಿಲಲ್ಲೇ ಅವಳು ಸ್ಟೂಲು ಎಳೆದುಕೊಂಡು ಕೂತಳು, ಕನ್ನಡಕ ಏರಿಸಿದಳು. ಟೈರನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ಉಬ್ಬಕ್ಷರಗಳನ್ನು ಸವರುತ್ತಾ ಒಂದು ಸುತ್ತು ತಿರುಗಿಸಿದಳು. ನಾಲ್ಕು ಅಂಕಿ ಸಿಕ್ಕಿದ ಮೇಲೆ ಇನ್ನೊಂದು ಟೈರನ್ನೂ ಹಾಗೇ ನೋಡಿದಳು.

"ಸರಿ. ಯಾವತ್ತು ಹೊರಡೋದು?" ಅಂದಳು.

ಮಳೆ ನಿಂತ ಮೇಲೆ ಅಂದೆ. ನೀವೂ ಒಮ್ಮೆ ಕೆಳಗಿಳಿದು ನಿಮ್ಮ ಗಾಡಿಯ ಆ ನಾಲ್ಕು ಅಂಕಿ ನೋಡಿಬನ್ನಿ.