ಲೆಕ್ಕದ ಹಾಳೆಯ ನಾಲ್ಕು ದಶಕಗಳು

1978ರಲ್ಲಿ ಹಾರ್ವರ್ಡ್ ವಾಣಿಜ್ಯ ವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕರಿಹಲಗೆಯ ಕೋಷ್ಟಕದಲ್ಲಿ ಒಂದು ಅಂಕೆ ಬದಲಾದೊಡನೆ ಅದನ್ನು ಆಶ್ರಯಿಸಿದ ಅಂಕೆಗಳನ್ನೆಲ್ಲ ಅಳಿಸಿ ಬರೆಯಬೇಕಾದ ಕ್ಲೇಶವನ್ನು ಕಂಡು, ಗಣಕಯಂತ್ರದಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುವ ಲೆಕ್ಕದ ಹಾಳೆಯೊಂದನ್ನು ಕಲ್ಪಿಸಿದನು. ಪ್ರೋಗ್ರಾಮರ್ ಬಾಬ್ ಫ್ರಾಂಕ್‌ಸ್ಟನ್‌ನ ನೆರವಿನಿಂದ ಅದು 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದೇ ಬಗೆಯ ತಂತ್ರಾಂಶಗಳಾಗಿ 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು.

ಪ್ರೋಗ್ರಾಮರನ ಅನುಗ್ರಹಕ್ಕಾಗಿ ಕಾಯದೆ ತನ್ನ ಲೆಕ್ಕವನ್ನು ತಾನೇ ರಚಿಸಿಕೊಳ್ಳುವ ಸ್ವಾತಂತ್ರ್ಯ ಸಾಮಾನ್ಯ ಗುಮಾಸ್ತನಿಗೆ ಲಭಿಸಿದುದು ಮಹತ್ತರವಾದ ಸಂಗತಿಯೆಂದೇ ನನ್ನ ಭಾವನೆ. ಆದರೆ ಗಣನೆಗಾಗಿ ಹುಟ್ಟಿದ ಆ ಹಾಳೆಯ ಮೇಲೆ ದಾಸ್ತಾನು, ಹಾಜರಿ, ರೋಗಿಗಳ ಪಟ್ಟಿ ಮುಂತಾದ ದಾಖಲೆಗಳ ಭಾರವನ್ನೂ ಹೊರಿಸಲಾಯಿತು. 2020ರಲ್ಲಿ ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಬಳಸಿದ ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚಿಗೆ ಅವಕಾಶವಿಲ್ಲದಿದ್ದುದರಿಂದ, 15,841 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋಗಿ, ಸೋಂಕಿತರ ಸಂಪರ್ಕಕ್ಕೆ ಬಂದವರ ಶೋಧ ವಿಳಂಬವಾಯಿತು. ಅದು ಮನುಷ್ಯಪ್ರಾಣಕ್ಕೆ ಸಂಬಂಧಿಸಿದ ವಿಳಂಬ.

ಇಂತಹ ದಾಖಲೆಗಳಿಗೆ ತಕ್ಕ ಬೇರೆ ಸಾಧನಗಳೂ ಇದ್ದವು. ಅತ್ಯಲ್ಪ ಪ್ರೋಗ್ರಾಮಿಂಗ್‌ನಿಂದಲೇ ತಂತ್ರಾಂಶ ಕಟ್ಟಲು ನೆರವಾಗುವ, 2014ರಲ್ಲಿ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆಯಿಂದ ‘ಲೋ-ಕೋಡ್’ ಎಂಬ ಹೆಸರು ಪಡೆದ ಆ ಸಾಧನಗಳು, ಗುಮಾಸ್ತನ ಸ್ವಾತಂತ್ರ್ಯವನ್ನು ಕಸಿಯದೆಯೇ, ಯಾವ ಅಂಕಣದಲ್ಲಿ ಏನನ್ನು ತುಂಬಬಹುದು, ಯಾರು ತಿದ್ದಬಹುದು ಎಂಬುದನ್ನು ದತ್ತಸಂಚಯದಲ್ಲಿಯೇ ವಿಧಿಸಲು, ಯಾರು ಯಾವಾಗ ತಿದ್ದಿದರು ಎಂಬುದನ್ನು ದಾಖಲಿಸಲು ಅನುವು ಮಾಡಿಕೊಟ್ಟವು. ಆದರೂ ಕ್ಷಣಿಕವಾದ ಅಂದಾಜುಗಳಿಗೆ ವ್ಯಾಪಾರಿಗಳು ಇಂದಿಗೂ ಹಳೆಯ ಹಾಳೆಯನ್ನೇ ತೆರೆಯುತ್ತಾರೆ. ಅದು ಯುಕ್ತವೂ ಹೌದು.